ಕೀಲುವಾತ: ವಂಶದ ದೋಷವೇ, ದೂಳಿನ ದೋಷವೇ?

ಅಡಿಕೆ ಧಾರಣೆ, ಗೊಬ್ಬರದ ಅಭಾವ, ಕೊಳೆರೋಗ, ಕಾಂಡಕೊರಕ ಇವುಗಳನ್ನು ಬಿಟ್ಟು ಮನುಷ್ಯರ ರೋಗವೊಂದರ ಬಗ್ಗೆ ಈ ಪುಟಗಳಲ್ಲಿ ಬರೆಯುವುದು ಅಪರೂಪ. ಗಿಡದ ಎಲೆಯಲ್ಲಿ ಒಂದು ಚುಕ್ಕೆ ಕಂಡರೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರಕ್ಕೆ ಓಡುವ ನಾವು, ಆ ಗಿಡದ ಹಣ್ಣು ಕೊಯ್ಯುವ ಕೈ ಊದಿಕೊಂಡರೆ ‘ವಾಯು ಇರಬೇಕು, ಎಣ್ಣೆ ಹಚ್ಚಿಕೋ’ ಎಂದು ಹೇಳಿ ಮುಂದೆ ಹೋಗುತ್ತೇವೆ. ಬೇರೆಯವರ ಮಾತೇಕೆ, ನಾವೇ ಹಾಗೆ ಮಾಡಿದವರು. ಆದುದರಿಂದಲೇ ಈ ಬರಹ.

ಎರಡು ವರ್ಷಗಳ ಹಿಂದೆ ಕಾಫಿ ಕೊಯ್ಲಿಗೆ ನಮ್ಮ ತೋಟಕ್ಕೆ ಹುನಗುಂದದ ಕಡೆಯಿಂದ ಆಳುಗಳ ಒಂದು ತಂಡ ಬಂದಿತ್ತು. ಅದರಲ್ಲಿ ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬೆಳಗಿನ ಹೊತ್ತು ಯಾವಾಗಲೂ ಎಲ್ಲರಿಗಿಂತ ಹಿಂದೆ. ಮಧ್ಯಾಹ್ನದ ಮೇಲೆ ಮಾತ್ರ ಉಳಿದವರ ಸಮಕ್ಕೆ ಕೊಯ್ಯುತ್ತಿದ್ದಳು. ಮೇಸ್ತ್ರಿ ಅದನ್ನು ಮೈಗಳ್ಳತನವೆಂದು ಹೇಳಿದ. ನಾವು ಕರೆದು ಕೇಳಿದಾಗ ಅವಳು ಎರಡೂ ಕೈ ಮುಂದೆ ಹಿಡಿದು, “ಮುಂಜಾನೆ ಎದ್ದಕೂಡಲೇ ಮುಷ್ಟಿ ಮಡಚಾಕ ಬರಂಗಿಲ್ರೀ ಸಾಹುಕಾರ್ರ. ಬಿಸಿಲು ಏರಿದ ಮ್ಯಾಲ ಒಂದೀಟು ಸಡ್ಲ ಆಕ್ಕೈತಿ” ಎಂದಳು. ಬೆರಳುಗಳ ಬುಡದ ಗೆಣ್ಣುಗಳು ಎರಡೂ ಕೈಗಳಲ್ಲಿ ಒಂದೇ ರೀತಿ ಊದಿದ್ದವು. ನಮಗೆ ತಿಳಿದಿದ್ದರೆ ಆ ಒಂದು ಮಾತಿನಲ್ಲೇ ರೋಗದ ಹೆಸರಿತ್ತು. ತಿಳಿಯಲಿಲ್ಲ. ಮುಲಾಮಿಗೆ ದುಡ್ಡು ಕೊಟ್ಟು, ವಾರದ ಕೊನೆಗೆ ಲೆಕ್ಕ ತೀರಿಸಿ ಊರಿಗೆ ಕಳಿಸಿಬಿಟ್ಟೆವು.

ಮರುವರ್ಷ ಅದೇ ತಂಡದವರು ಬಂದಾಗ ಅವಳ ಸುದ್ದಿ ತಿಳಿಯಿತು. ಪೇಟೆಯಲ್ಲಿ ಯಾರೋ ಕೊಟ್ಟ ಪುಡಿ ನುಂಗಿ ನಾಲ್ಕು ತಿಂಗಳು ಆರಾಮಾಗಿದ್ದಳಂತೆ. ಆಮೇಲೆ ಮುಖ ಊದಿ, ಪುಡಿ ಬಿಟ್ಟೊಡನೆ ಕೈಕಾಲು ಮೊದಲಿಗಿಂತ ಹೆಚ್ಚಾಗಿ ಹಿಡಿದುಕೊಂಡವಂತೆ. ಅದಕ್ಕಿಂತ ನಮಗೆ ನೋವೆನಿಸಿದ್ದು ಇನ್ನೊಂದು ಸಂಗತಿ. “ಅದು ಅವರ ವಂಶದಾಗ ಐತಿ” ಎಂದು ಯಾರೋ ಹೇಳಿದ ಮಾತಿಗೆ ಅವಳ ಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿದುಹೋಗಿತ್ತು. ಅದೇ ಊರಿನ ಇನ್ನು ಕೆಲವರು, “ವಂಶ ಅಲ್ಲ ಬಿಡ್ರೀ, ಕಲ್ಲಿನ ದೂಳು” ಎಂದರು. ಅವಳ ಗಂಡ ಇಳಕಲ್ಲಿನ ಗ್ರಾನೈಟ್ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು. ಅವಳೂ ಕ್ವಾರಿಯಲ್ಲಿ ಕೆಲವು ವರ್ಷ ಜಲ್ಲಿ ಹೊತ್ತವಳು, ಅದಕ್ಕೂ ಮೊದಲು ತವರಿನಲ್ಲಿ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತಿದವಳು.

ಈ ಎರಡು ಮಾತುಗಳಲ್ಲಿ ಯಾವುದು ಸರಿ ಎಂಬುದೇ ಇಲ್ಲಿನ ಪ್ರಶ್ನೆ. ಇದು ಬಯಲುಸೀಮೆಯವರ ಪ್ರಶ್ನೆ, ಮಲೆನಾಡಿನ ನಮಗೇಕೆ ಎನ್ನುವ ಸದಸ್ಯರು ಸ್ವಲ್ಪ ತಾಳ್ಮೆಯಿಂದ ಓದಬೇಕು. ಈ ಪ್ರಶ್ನೆಗೆ ನಮ್ಮ ಅಡಿಕೆ ಸೀಮೆಯಲ್ಲೇ ಒಂದು ಹಳೆಯ ಕಥೆಯಿದೆ.

1974–75ರ ಸುಮಾರಿಗೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಿಂದ ಒಂದು ವಿಚಿತ್ರ ಕೀಲುರೋಗದ ಸುದ್ದಿ ಹೊರಗೆ ಬಂತು. ಸೊಂಟ, ಮಂಡಿಗಳ ಕೀಲುಗಳು ಸವೆದು, ದುಡಿಯುವ ವಯಸ್ಸಿನವರು ಕೋಲು ಹಿಡಿದು, ಕೊನೆಗೆ ತೆವಳುವ ಸ್ಥಿತಿಗೆ ಬಂದಿದ್ದರು. ರೋಗಿಗಳೆಲ್ಲ ಹೆಚ್ಚಾಗಿ ದಲಿತ ಸಮುದಾಯಗಳ ಕೂಲಿಕಾರ ಕುಟುಂಬಗಳವರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳಲ್ಲಿ ಸೇರಿ, ಆ ಏಡಿ ತಿಂದವರಿಗೆ ರೋಗ ಬಂದಿದೆ ಎಂಬ ಮಾತು ಆಗ ಬಲವಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ತಜ್ಞರು ಬಂದು ನೋಡಿ 1978ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದನ್ನು ಮಲೆನಾಡಿನ ಕುಟುಂಬಗತ ಸಂಧಿವಾತ ಎಂದು ಕರೆದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳು ಅದು ತಂದೆ ಅಥವಾ ತಾಯಿ ಒಬ್ಬರಿಂದಲೇ ಮಕ್ಕಳಿಗೆ ಬರಬಲ್ಲ, ಎಲುಬಿನ ಬೆಳವಣಿಗೆಯ ಆನುವಂಶಿಕ ದೋಷವೆಂದು ತೋರಿಸಿದವು. ಏಡಿಯ ಮಾತು ಹಿಂದೆ ಸರಿಯಿತು.

ಆ ಕಥೆ ನಮ್ಮ ಸೀಮೆಯವರ ಮನಸ್ಸಿನಲ್ಲಿ ಒಂದು ಗುರುತು ಬಿಟ್ಟಿದೆ. ಕೀಲು ಕೆಟ್ಟಿದೆ ಎಂದೊಡನೆ ‘ಅದು ವಂಶದ್ದು’ ಎನ್ನುವ ಗುರುತು. ಆದರೆ ನಮ್ಮ ತೋಟದ ಆ ಹೆಣ್ಣುಮಗಳ ರೋಗ ಹಂದಿಗೋಡಿನದಲ್ಲ. ವೈದ್ಯರು ರುಮಟಾಯ್ಡ್ ಸಂಧಿವಾತ ಎನ್ನುವ, ಆಯುರ್ವೇದದವರು ಆಮವಾತಕ್ಕೆ ಹೋಲಿಸುವ ಕಾಯಿಲೆ ಅದು. ಮುಪ್ಪಿನಲ್ಲಿ ಮಂಡಿ ಸವೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ದೇಹದ ಕಾವಲು ಪಡೆಯೇ ದಾರಿ ತಪ್ಪಿ ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು ಬರುತ್ತದೆ. ಪುಣೆ ಜಿಲ್ಲೆಯ ಭಿಗವಣ ಎಂಬ ಹಳ್ಳಿಯಲ್ಲಿ 1996ರಲ್ಲಿ ಆರಂಭಿಸಿದ ಮನೆಮನೆ ಗಣತಿಯಲ್ಲಿ ಸುಮಾರು ಇನ್ನೂರಕ್ಕೆ ಒಬ್ಬರಲ್ಲಿ ಇದು ಕಂಡಿತು. ನೂರಿನ್ನೂರು ಆಳುಗಳು ಬಂದುಹೋಗುವ ನಮ್ಮ ಊರುಗಳಲ್ಲಿ ಇದನ್ನು ನೋಡಿಯೇ ಇಲ್ಲ ಎನ್ನುವ ಬೆಳೆಗಾರರು, ನೋಡಿಯೂ ಗುರುತಿಸಿಲ್ಲ ಎನ್ನುವುದೇ ಹೆಚ್ಚು ಸರಿ.

ಹಾಗಾದರೆ ವಂಶಕ್ಕೆ ಇದರಲ್ಲಿ ಪಾಲಿಲ್ಲವೇ? ಇದೆ. 1978ರಲ್ಲಿ ಡಿ.ಆರ್.4 ಎಂಬ ಜೀವಕೋಶದ ಗುರುತು ಈ ರೋಗಿಗಳಲ್ಲಿ ಹೆಚ್ಚಾಗಿ ಕಾಣುತ್ತದೆಂದು ಗೊತ್ತಾಯಿತು. 1987ರಲ್ಲಿ ಆ ಬಗೆಯ ಹಲವು ಗುರುತುಗಳಲ್ಲಿ ಸಮಾನವಾಗಿರುವ ಒಂದು ತುಣುಕೇ ಮುಖ್ಯವೆಂದು ತಿಳಿದುಬಂತು. ಅದು ನಮಗೆ ತಂದೆತಾಯಿಗಳಿಂದ ಬರುವಂಥದು. ಆದರೆ ಇದನ್ನು ಓದಿ ಮದುವೆ ಮುರಿಯುವವರು ಇನ್ನೊಂದು ಲೆಕ್ಕವನ್ನೂ ಓದಬೇಕು. ಇಂಗ್ಲೆಂಡಿನಲ್ಲಿ ಒಂದೇ ಅಂಡದಿಂದ ಹುಟ್ಟಿದ ಅವಳಿಗಳನ್ನು ಪರೀಕ್ಷಿಸಿದರು. ಅಂಥ ಅವಳಿಗಳಲ್ಲಿ ವಂಶದ ಸಾಮಗ್ರಿ ಒಂದಿಷ್ಟೂ ಬೇರೆಯಿಲ್ಲ. ಆದರೂ ಒಬ್ಬರಿಗೆ ರೋಗವಿದ್ದರೆ ಇನ್ನೊಬ್ಬರಿಗೂ ಇದ್ದದ್ದು ನೂರಕ್ಕೆ ಸುಮಾರು ಹದಿನೈದು ಜೋಡಿಗಳಲ್ಲಿ ಮಾತ್ರ. ವಂಶವೇ ಎಲ್ಲವೂ ಆಗಿದ್ದರೆ ನೂರಕ್ಕೆ ನೂರು ಬರಬೇಕಿತ್ತು. ಇನ್ನು ರೋಗಿಯ ಮಕ್ಕಳಿಗೆ, ಒಡಹುಟ್ಟಿದವರಿಗೆ ಅಪಾಯ ಇತರರಿಗಿಂತ ಸುಮಾರು ಮೂರು ಪಟ್ಟು. ಕೇಳಲು ಭಯವೆನಿಸುತ್ತದೆ. ಆದರೆ ಇನ್ನೂರಕ್ಕೆ ಒಬ್ಬರಿಗೆ ಬರುವ ರೋಗ ಮೂರು ಪಟ್ಟಾದರೆ ಇನ್ನೂರಕ್ಕೆ ಮೂವರು ಎಂದಾಯಿತು. ಉಳಿದ ನೂರ ತೊಂಬತ್ತೇಳು ಮಂದಿಗೆ ಬರುವುದಿಲ್ಲ. ಆ ಹುಡುಗಿಯ ಸಂಬಂಧ ಮುರಿದವರು ಈ ಲೆಕ್ಕಕ್ಕೆ ಹೆದರಿ ಮುರಿದರು.

ಬೆಳೆಗಾರರಿಗೆ ಇದನ್ನು ತಿಳಿಯಲು ಕಷ್ಟವಿಲ್ಲ. ಅರೇಬಿಕಾ ಕಾಫಿಗೆ ತುಕ್ಕುರೋಗ ಬರಬೇಕಾದರೆ ಗಿಡದ ತಳಿ ಅದಕ್ಕೆ ಒಳಗಾಗುವಂಥದಿರಬೇಕು, ಬೂಜಿನ ಬೀಜಾಣು ಗಾಳಿಯಲ್ಲಿ ಬರಬೇಕು, ಎಲೆಯ ಮೇಲೆ ತೇವ ನಿಲ್ಲಬೇಕು. ಕೆಂಟ್ಸ್ ತಳಿ ಹಾಕಿದವರು ಮೊದಮೊದಲು ರೋಗವಿಲ್ಲವೆಂದು ಹಿಗ್ಗಿ, ಆಮೇಲೆ ಕುಗ್ಗಿದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. ತಳಿಯೊಂದನ್ನೇ ದೂರುವವನೂ ಮಳೆಯೊಂದನ್ನೇ ದೂರುವವನೂ ತೋಟ ಉಳಿಸಿಕೊಳ್ಳಲಾರ. ಈ ಕೀಲುವಾತದಲ್ಲಿಯೂ ಹೀಗೆಯೇ. ತಳಿಯನ್ನು ನಾವು ಬದಲಿಸಲಾರೆವು. ಗಾಳಿಯಲ್ಲಿ ಬರುವುದನ್ನು ತಡೆಯಬಲ್ಲೆವು.

ಗಾಳಿಯಲ್ಲಿ ಏನು ಬರುತ್ತದೆ ಎಂಬುದನ್ನು ನೋಡಲೆಂದೇ ಈ ವರ್ಷ ಮಳೆಗೆ ಮುಂಚೆ ನಾವು ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಕಡೆ ಒಂದು ವಾರ ಹೋಗಿ ಬಂದೆವು. ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯರ 578ರ ಶಾಸನ ನೋಡುತ್ತ ನಿಂತಾಗ, ಈ ಕೆಂಪು ಮರಳುಗಲ್ಲನ್ನು ಕೊರೆದ ಸಾವಿರಾರು ಕೈಗಳ ಉಸಿರಿನೊಳಗೆ ಏನು ಹೋಗಿತ್ತೋ ಎಂದು ಮೊದಲ ಬಾರಿ ಅನಿಸಿತು. ಮರಳುಗಲ್ಲೆಂದರೆ ಬಹುಪಾಲು ಸ್ಫಟಿಕ, ಅಂದರೆ ಸಿಲಿಕಾ. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿಯೂ ಅದು ಸಾಕಷ್ಟು ಇದೆ. ಬೆಂಗಳೂರಿನ ಬಂಗಲೆಗಳ ನೆಲಕ್ಕೂ ಪರದೇಶಗಳಿಗೂ ಹೋಗುವ ಆ ಕಲ್ಲನ್ನು ಒಣದಾಗಿ ಕೊರೆದಾಗ ಏಳುವ ದೂಳು ಕಣ್ಣಿಗೆ ಕಾಣುವಷ್ಟು ಅಪಾಯದ್ದಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದು ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ಬಾಯಿಗೆ ಕಟ್ಟಿದ ಟವೆಲ್ ಅದನ್ನು ತಡೆಯುವುದಿಲ್ಲ. ಕೊರೆಯುವಾಗ ನೀರು ಬಿಟ್ಟರೆ ಬಹುಮಟ್ಟಿಗೆ ತಗ್ಗುತ್ತದೆ.

ಈ ದೂಳಿನಿಂದ ಸಿಲಿಕೋಸಿಸ್ ಎಂಬ ಪುಪ್ಪುಸದ ರೋಗ ಬರುತ್ತದೆಂಬುದು ಹಳೆಯ ಸಂಗತಿ, ಕಾನೂನಿನಲ್ಲಿಯೂ ಅದು ವರದಿ ಮಾಡಲೇಬೇಕಾದ ರೋಗ. ಅದೇ ದೂಳಿಗೂ ಬೆರಳ ಗೆಣ್ಣಿಗೂ ಸಂಬಂಧವಿದೆಯೆಂಬುದು ಜನರಿಗೆ ಗೊತ್ತಿಲ್ಲ. 1953ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಕಲ್ಲಿದ್ದಲು ಗಣಿಯವರ ಎದೆಯ ಕ್ಷಕಿರಣ ಚಿತ್ರ ನೋಡುತ್ತಿದ್ದ ಕ್ಯಾಪ್ಲನ್ ಎಂಬ ವೈದ್ಯರು, ಕೀಲುವಾತವಿದ್ದ ಗಣಿಗರ ಪುಪ್ಪುಸದಲ್ಲಿ ಬೇರೆಯದೇ ಬಗೆಯ ದುಂಡು ಗಂಟುಗಳನ್ನು ಕಂಡರು. ಅಲ್ಲಿಂದ ಈ ಜಾಡು ಹತ್ತಿತು. ಸ್ವೀಡನ್ನಿನಲ್ಲಿ ನಡೆದ ದೊಡ್ಡ ಅಧ್ಯಯನದ 2005ರ ವರದಿಯಲ್ಲಿ, ಸಿಲಿಕಾ ದೂಳು ಕುಡಿದ ಗಂಡಸರಲ್ಲಿ ಕೀಲುವಾತ ಇತರರಿಗಿಂತ ಎರಡು ಪಟ್ಟಿಗೂ ಮಿಕ್ಕಿತ್ತು. 2010ರ ವರದಿ ಇನ್ನೂ ಕಳವಳದ್ದು. ದೂಳು ಮತ್ತು ಸಿಗರೇಟು ಎರಡೂ ಸೇರಿದವರಲ್ಲಿ, ರಕ್ತದಲ್ಲಿ ವಿಶೇಷ ಪ್ರತಿಕಾಯ ಕಾಣುವ ಬಗೆಯ ಕೀಲುವಾತದ ಅಪಾಯ ಏಳು ಪಟ್ಟಿಗೆ ಏರಿತ್ತು.

ಹೊಗೆ ಅಥವಾ ದೂಳು ಪುಪ್ಪುಸವನ್ನು ಕೆಣಕಿದಾಗ ಅಲ್ಲಿನ ಪ್ರೋಟೀನುಗಳು ಸ್ವಲ್ಪ ರೂಪ ಬದಲಿಸುತ್ತವೆ. ಮೇಲೆ ಹೇಳಿದ ವಂಶದ ಗುರುತು ಇದ್ದವರ ದೇಹ ಆ ಬದಲಾದ ರೂಪವನ್ನು ಪರಕೀಯವೆಂದು ಬಗೆದು ಪ್ರತಿಕಾಯ ಕಟ್ಟುತ್ತದೆ. ಕೀಲು ನೋಯುವುದಕ್ಕೆ ವರ್ಷಗಳ ಮೊದಲೇ ಆ ಪ್ರತಿಕಾಯ ರಕ್ತದಲ್ಲಿರುತ್ತದೆ. ಸ್ವೀಡನ್ನಿನವರೇ 2006ರಲ್ಲಿ ತೋರಿಸಿದಂತೆ, ತಂದೆ ತಾಯಿ ಇಬ್ಬರಿಂದಲೂ ಆ ಗುರುತು ಪಡೆದು ಧೂಮಪಾನವನ್ನೂ ಮಾಡುವವರಿಗೆ ಈ ಬಗೆಯ ರೋಗದ ಅಪಾಯ, ಎರಡೂ ಇಲ್ಲದವರಿಗಿಂತ ಇಪ್ಪತ್ತೊಂದು ಪಟ್ಟು. ವಂಶವೋ ದೂಳೋ ಎಂಬ ಜಗಳವೇ ತಪ್ಪು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಳಕಲ್ಲಿನಲ್ಲಿ ಕಲ್ಲಿನಷ್ಟೇ ಪ್ರಸಿದ್ಧ ಸೀರೆ. ಟೋಪ್ ತೆನಿ ಸೆರಗಿನ ಆ ಸೀರೆಯನ್ನು ನಮ್ಮ ಮನೆಗಳಲ್ಲಿಯೂ ಮದುವೆ ಮುಂಜಿಗೆ ಉಡುತ್ತಾರೆ. ಗುಳೇದಗುಡ್ಡದ ಖಣವೂ ಹಾಗೆಯೇ. ಮಗ್ಗದ ಮನೆಯ ಕೆಲಸದಲ್ಲಿ ಅರ್ಧಕ್ಕರ್ಧ ಹೆಂಗಸರದು, ನೂಲಿನ ನವಿರು ದೂಳಿನ ನಡುವೆಯೇ. ಮಲೇಶಿಯಾದಲ್ಲಿ ನಡೆದ ಅಧ್ಯಯನವೊಂದರಲ್ಲಿ ಬಟ್ಟೆಯ ದೂಳಿನಲ್ಲಿ ದುಡಿದ ಹೆಂಗಸರಿಗೆ ಕೀಲುವಾತ ಮೂರು ಪಟ್ಟಿಗೆ ಸಮೀಪವಾಗಿ ಹೆಚ್ಚಾಗಿ ಕಂಡಿತು. ಅದು ಅಲ್ಲಿಯ ಲೆಕ್ಕ, ಕೈಮಗ್ಗಕ್ಕೆ ಅದನ್ನು ಹಾಗೆಯೇ ಅಂಟಿಸಿ ಯಾರ ಹೊಟ್ಟೆಪಾಡಿನ ಮೇಲೂ ಕಲ್ಲು ಹಾಕುವುದು ನಮ್ಮ ಉದ್ದೇಶವಲ್ಲ. ಭಿಗವಣದಂಥ ಗಣತಿಯೊಂದು ಇಳಕಲ್ಲಿನ ಕ್ವಾರಿ ಓಣಿಗಳಲ್ಲಿ, ಮಗ್ಗದ ಓಣಿಗಳಲ್ಲಿ ನಡೆಯಲಿ ಎಂಬುದಷ್ಟೇ ನಮ್ಮ ಒತ್ತಾಯ. ಬಾಗಲಕೋಟೆಯಲ್ಲಿ ಈಗ ವೈದ್ಯಕೀಯ ಕಾಲೇಜಿದೆ, ಹುಬ್ಬಳ್ಳಿ ದೂರವಿಲ್ಲ. ಕಲ್ಲಿನವರ ಎದೆ ಪರೀಕ್ಷಿಸುವ ವೈದ್ಯರು ಅದೇ ಹೊತ್ತಿನಲ್ಲಿ ಕೈಯನ್ನೂ ಮುಟ್ಟಿ ನೋಡಿದರೆ ಹೆಚ್ಚಿನ ಖರ್ಚೇನೂ ಇಲ್ಲ.

ಆ ಸೀಮೆಯಲ್ಲಿ ಗಣತಿ ಮಾಡುವವರಿಗೆ ಒಂದು ತೊಡಕಿದೆ, ಅದನ್ನೂ ಹೇಳಬೇಕು. ಬಾಗಲಕೋಟೆ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿಗಿಂತ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಬೆನ್ನು, ಕೀಲು ಬಿಗಿಯುತ್ತವೆ. ಅದು ಬೇರೆ ರೋಗ, ಅದರ ಮದ್ದು ಒಳ್ಳೆಯ ನೀರು. 2006ರಲ್ಲಿ ರಾಜ್ಯವನ್ನೆಲ್ಲ ಮಲಗಿಸಿದ ಚಿಕುನ್‌ಗುನ್ಯಾ ಜ್ವರವೂ ತಿಂಗಳುಗಟ್ಟಲೆ ಕೀಲುವಾತದ ವೇಷ ಹಾಕುತ್ತದೆ. ನಮ್ಮ ಅಡಿಕೆ ತೋಟಗಳಲ್ಲಿ ಬಿದ್ದ ಹಾಳೆಯಲ್ಲಿ ನಿಂತ ನೀರು ಆ ಸೊಳ್ಳೆಗೆ ತೊಟ್ಟಿಲು ಎಂಬುದು ಸದಸ್ಯರಿಗೆ ನೆನಪಿರಲಿ.

ಈಗ ನಮ್ಮ ಮನೆಯ ಮಾತು. ಕಾಫಿಯ ಮೇಲೂ ಒಮ್ಮೆ ಈ ಆಪಾದನೆ ಬಂದಿತ್ತು. 2000ದಲ್ಲಿ ಫಿನ್‌ಲೆಂಡಿನವರು ದಿನಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಲೋಟ ಕುಡಿಯುವವರಿಗೆ ಕೀಲುವಾತ ಹೆಚ್ಚೆಂದು ಬರೆದರು. 2003ರಲ್ಲಿ ಅಮೆರಿಕದ ದಾದಿಯರ ದೊಡ್ಡ ಅಧ್ಯಯನದಲ್ಲಿ ಅಂಥದೇನೂ ಕಾಣಲಿಲ್ಲ. ಆದ್ದರಿಂದ ಬೆಳಗಿನ ಲೋಟವನ್ನು ಯಾರೂ ಕೆಳಗಿಡಬೇಕಾಗಿಲ್ಲ.

ಕೀಟನಾಶಕದ ವಿಷಯದಲ್ಲಿ ಅಷ್ಟು ನಿರಾಳವಾಗಿರಲು ಬರುವುದಿಲ್ಲ. ಅಮೆರಿಕದ ಅಯೋವಾ, ಉತ್ತರ ಕೆರೊಲಿನಾ ರಾಜ್ಯಗಳ ಕೃಷಿಕ ಕುಟುಂಬಗಳನ್ನು 1993ರಿಂದ ಗಮನಿಸುತ್ತ ಬಂದ ಅಧ್ಯಯನದಲ್ಲಿ ಕೆಲವು ಔಷಧಿಗಳನ್ನು ಬಳಸಿದವರಿಗೆ ಈ ರೋಗ ಹೆಚ್ಚಾಗಿ ಕಂಡಿದೆ. ಅವುಗಳಲ್ಲಿ ಒಂದು ಕಾರ್ಬರಿಲ್, ಎಂದರೆ ನಾವೆಲ್ಲ ಸೆವಿನ್ ಎಂದು ಕೊಂಡು ತಂದು ಹೊಡೆದದ್ದೇ. ನಮ್ಮ ದೇಶದಲ್ಲಿ 2018ರಲ್ಲಿ ಅದನ್ನು ನಿಷೇಧಿಸಿದರು. ಇದು ಸಂಬಂಧ ಮಾತ್ರ, ಕಾರಣವೆಂದು ಸಾಬೀತಾದದ್ದಲ್ಲ. ಹಂದಿಗೋಡಿನ ಏಡಿಯ ಕಥೆ ನೆನೆದು ಆತುರಪಡದಿರುವುದು ಒಳ್ಳೆಯದು. ಆದರೆ ಏಡಿ ತಪ್ಪಾಯಿತೆಂದು ಎಲ್ಲ ಔಷಧಿಯೂ ಮುಗ್ಧವೆಂದು ಸಾರುವುದು ಅದಕ್ಕಿಂತ ಆತುರದ ಮಾತು. ಸಿಂಪಡಿಸುವ ಆಳಿಗೆ ಮುಖಗವಸು, ಕೈಗವಸು ಕೊಡಲು ಇಷ್ಟು ಕಾರಣ ಸಾಕು.

ಎಲ್ಲಕ್ಕಿಂತ ಹೇಳಲು ಮುಜುಗರದ್ದು ಬೀಡಿಯ ವಿಷಯ. ಕಲ್ಲಿನ ದೂಳನ್ನು ನಾವು ಎಬ್ಬಿಸಿದವರಲ್ಲ ನಿಜ. ಆದರೆ ಆ ದೂಳು ಕುಡಿದು ಬಂದ ಪುಪ್ಪುಸಕ್ಕೆ ನಮ್ಮ ತೋಟದಲ್ಲಿ ವಾರದ ಬಟವಾಡೆಯ ಜೊತೆಗೆ ಬೀಡಿ ಕಟ್ಟು ಕೊಡುವವರು ನಾವೇ. ಅದನ್ನು ಔದಾರ್ಯವೆಂದು ತಿಳಿದಿದ್ದೇವೆ. ಬಟವಾಡೆಯ ದಿನ ಬೀಡಿಯ ಬದಲು ಅಷ್ಟೇ ಬೆಲೆಯ ಬೆಲ್ಲವನ್ನೋ ಕಾಫಿ ಪುಡಿಯನ್ನೋ ಕೊಟ್ಟರೆ ಯಾರೂ ಮುನಿಯುವುದಿಲ್ಲ, ಕಳೆದ ಕೊಯ್ಲಿನಲ್ಲಿ ನಾವು ಮಾಡಿ ನೋಡಿದ್ದೇವೆ. ಒಬ್ಬ ಮುದುಕ ಮಾತ್ರ ಗೊಣಗಿದ. ಇನ್ನು ಹೊಗೆಸೊಪ್ಪು ಸೇರಿಸಿ ಅಗಿಯುವವರ ವಸಡು ಕೆಡುವುದಂತೂ ನಾವೆಲ್ಲ ಕಂಡದ್ದು. ವಸಡಿನ ಕೀವಿನಲ್ಲಿರುವ ಒಂದು ಸೂಕ್ಷ್ಮಾಣುವೂ ಪುಪ್ಪುಸದಲ್ಲಿ ಹೊಗೆ ಮಾಡುವ ಅದೇ ಪ್ರೋಟೀನಿನ ರೂಪಾಂತರವನ್ನು ಬಾಯಿಯಲ್ಲಿ ಮಾಡಬಲ್ಲದೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಡಿಕೆ ಮಾರಿ ಬದುಕುವ ನಾವು ಇದನ್ನು ಬರೆಯಬಾರದೆಂದು ಒಬ್ಬ ಸ್ನೇಹಿತರು ಹೇಳಿದರು. ಬರೆಯದಿದ್ದರೆ ವಸಡು ಗಟ್ಟಿಯಾಗುವುದಿಲ್ಲವಲ್ಲ.

ಬೆಳಗ್ಗೆ ಎದ್ದಾಗ ಅರ್ಧ ಮುಕ್ಕಾಲು ಗಂಟೆಗಿಂತ ಹೆಚ್ಚು ಕಾಲ ಕೈ ಬಿಗಿ, ಎರಡೂ ಕೈಗಳ ಸಣ್ಣ ಗೆಣ್ಣುಗಳಲ್ಲಿ ಊತ, ಅದು ಆರು ವಾರ ಬಿಡದೆ ಇರುವುದು: ಇಷ್ಟು ಕಂಡರೆ ಮುಲಾಮಿಗೆ ದುಡ್ಡು ಕೊಡದೆ ಬಸ್ಸಿಗೆ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಮೊದಲ ಮೂರು ತಿಂಗಳೊಳಗೆ ಔಷಧಿ ಆರಂಭವಾದರೆ ಕೀಲು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು. ರಕ್ತಪರೀಕ್ಷೆಯಲ್ಲಿ ಏನೂ ಬರಲಿಲ್ಲವೆಂದು ಸುಮ್ಮನಾಗಬಾರದು, ರೋಗವಿದ್ದೂ ಪರೀಕ್ಷೆಯಲ್ಲಿ ಕಾಣದವರು ಎಷ್ಟೋ ಮಂದಿ ಇದ್ದಾರೆ. ಮುಖ್ಯ ಮದ್ದಾದ ಮೆಥೊಟ್ರೆಕ್ಸೇಟ್ ಗುಳಿಗೆ ಬೆಲೆಯಲ್ಲಿ ದೊಡ್ಡದಲ್ಲ. ಆದರೆ ಅದು ವಾರಕ್ಕೊಮ್ಮೆ ನುಂಗುವ ಗುಳಿಗೆ. ದಿನಾ ನುಂಗಿದರೆ ಪ್ರಾಣಕ್ಕೆ ಅಪಾಯ, ಬಸುರಾಗಬಯಸುವ ಹೆಂಗಸರು ಅದನ್ನು ತೆಗೆದುಕೊಳ್ಳುವಂತಿಲ್ಲ, ಆಗಾಗ್ಗೆ ರಕ್ತ ತೋರಿಸಬೇಕು. ಓದು ಬಾರದ ಆಳಿಗೆ ವಾರದ ಯಾವ ದಿನವೆಂದು ನೆನಪಿಸುವ ಕೆಲಸ ಮೇಸ್ತ್ರಿಗಳದಾಗಬಹುದು, ಬಟವಾಡೆಯ ದಿನವನ್ನೇ ಗುಳಿಗೆಯ ದಿನ ಮಾಡಿದರೆ ಮರೆಯುವುದಿಲ್ಲ. ಪೇಟೆಯ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಇರುವುದುಂಟು, ನಾಲ್ಕು ದಿನದ ಆರಾಮಿಗೆ ಅದು ಎಲುಬನ್ನೇ ತಿನ್ನುತ್ತದೆ.

ಆ ಹೆಣ್ಣುಮಗಳನ್ನು ಹುನಗುಂದ ತಾಲ್ಲೂಕಿನ ಅವಳ ಊರಿನಲ್ಲಿ ಕಂಡು ಬಂದೆವು. ಈಗ ಸರಿಯಾದ ಔಷಧಿ ನಡೆದಿದೆ, ಆದರೆ ಎಡಗೈಯ ಎರಡು ಬೆರಳು ಹೊರಕ್ಕೆ ವಾಲಿಬಿಟ್ಟಿವೆ, ಅವು ಹಿಂದಕ್ಕೆ ಬರುವಂತಿಲ್ಲ. “ಆವತ್ತ ಹೇಳಿದ್ದರ ಹೋಗ್ತಿದ್ನಿರೀ” ಎಂದಳು. ಬೈದು ಹೇಳಲಿಲ್ಲ. ಚಹಾ ಕೊಟ್ಟಳು. ಮಗಳಿಗೆ ಬೇರೆ ಕಡೆ ನೋಡುತ್ತಿದ್ದಾರಂತೆ, ಮೇಲಿನ ಇನ್ನೂರರ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟು ಬಂದಿದ್ದೇವೆ.

ಬರುವ ಮಹಾಸಭೆಯಲ್ಲಿ ನಾವು ಒಂದು ಸೂಚನೆ ಮಂಡಿಸಲಿದ್ದೇವೆ. ಕೊಯ್ಲು ಆರಂಭವಾದ ಹದಿನೈದು ದಿನಗಳೊಳಗೆ ಸಂಘದ ಖರ್ಚಿನಲ್ಲಿ ವೈದ್ಯರೊಬ್ಬರು ಲೈನ್ ಮನೆಗಳಿಗೆ ಬೆಳಗಿನ ಏಳು ಗಂಟೆಯೊಳಗೆ ಬಂದು ಆಳುಗಳ ಕೈ ನೋಡಬೇಕು. ಏಳು ಗಂಟೆಯೇ ಏಕೆಂದರೆ, ಹತ್ತು ಗಂಟೆಗೆ ಬಂದರೆ ಬಿಗಿ ಸಡಿಲವಾಗಿರುತ್ತದೆ, ವೈದ್ಯರಿಗೂ ಮೇಸ್ತ್ರಿಯಂತೆಯೇ ಅದು ಮೈಗಳ್ಳತನವಾಗಿ ಕಂಡೀತು. ತಗಲುವ ವೆಚ್ಚಕ್ಕೆ ಸಂಘದ ಲಾಭಾಂಶದಲ್ಲಿ ಸದಸ್ಯರ ಧರ್ಮನಿಧಿಗೆಂದು ತೆಗೆದಿಡುವ ಹಣವೇ ಸಾಕೆಂದು ನಮ್ಮ ಅಂದಾಜು. ಒಪ್ಪದ ಸದಸ್ಯರು ತಮ್ಮ ಕಾರಣಗಳನ್ನು ಸಭೆಗೆ ಒಂದು ವಾರ ಮುಂಚಿತವಾಗಿ ಕಾರ್ಯದರ್ಶಿಯವರಿಗೆ ಬರೆದು ತಿಳಿಸಿದರೆ ಅವನ್ನೂ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.